ಕಪ್ಪು-ಬಿಳುಪಿನ ರಾಕ್ಷಸರಿಗೆ ಯಾವ ಬಣ್ಣ?

ಹೆಬ್ಬೆರಳಿಗಿಂತ ಚಿಕ್ಕದೊಂದು ಬೊಂಬೆ. ಮೈತುಂಬ ಮೀನಿನ ಹುರುಪೆ, ಬೆರಳುಗಳ ನಡುವೆ ಬಾತುಕೋಳಿಯ ಕಾಲಿನಲ್ಲಿರುವಂಥ ಜಾಲ, ಕುತ್ತಿಗೆಯ ಇಕ್ಕೆಲದಲ್ಲಿ ಕಿವಿರು. 1954ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸಂಸ್ಥೆ ತೆರೆಗೆ ತಂದ ‘ಕ್ರೀಚರ್ ಫ್ರಮ್ ದಿ ಬ್ಲ್ಯಾಕ್ ಲಗೂನ್’ ಚಿತ್ರದ ಮೀನುಮಾನವನ ಪ್ರತಿರೂಪವಿದು. ಇಂಥ ಬೊಂಬೆಯನ್ನು ಮುಂದಿಟ್ಟುಕೊಂಡ ಹವ್ಯಾಸಿಗೆ ಕುಂಚ ಅದ್ದುವ ಮೊದಲೇ ಒಂದು ಪ್ರಶ್ನೆ ಎದುರಾಗುತ್ತದೆ: ಇವನ ಮೈಬಣ್ಣ ಯಾವುದು? ಚಿತ್ರ ನೋಡಿದರೆ ತಿಳಿಯದೇ ಎನ್ನಬಹುದು. ಆದರೆ ಚಿತ್ರವಿರುವುದು ಕಪ್ಪು-ಬಿಳುಪಿನಲ್ಲಿ!

ಹಳೆಯ ವೈಜ್ಞಾನಿಕ ಕಥಾಚಿತ್ರಗಳ ರಾಕ್ಷಸರನ್ನು ಮೇಜಿನ ಮೇಲಿನ ಪುಟ್ಟ ಬೊಂಬೆಗಳಾಗಿಸಿ ಬಣ್ಣ ಹಚ್ಚುವ ಹವ್ಯಾಸ ಅಮೆರಿಕ, ಬ್ರಿಟನ್, ಜಪಾನ್‌ಗಳಲ್ಲಿ ಬೇರುಬಿಟ್ಟಿದೆ. ಇದರ ಮೂಲಕ್ಕೂ ವೈಜ್ಞಾನಿಕ ಕಥೆಗಳಿಗೂ ನಂಟುಂಟು. ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಬರೆದು ಮಂಗಳಗ್ರಹದ ಜೀವಿಗಳನ್ನು ಭೂಮಿಗಿಳಿಸಿದ ಎಚ್.ಜಿ. ವೆಲ್ಸ್, 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟಿಕೆ ಸಿಪಾಯಿಗಳಿಂದ ಯುದ್ಧವಾಡುವ ನಿಯಮಗಳನ್ನೂ ಬರೆದರು. 1957ರಲ್ಲಿ ಯೂನಿವರ್ಸಲ್‌ನ ಹಳೆಯ ಭಯಾನಕ ಚಿತ್ರಗಳು ಅಮೆರಿಕದ ದೂರದರ್ಶನಕ್ಕೆ ಬಂದಾಗ ಹೊಸ ಪೀಳಿಗೆಯ ಮಕ್ಕಳು ರಾಕ್ಷಸರಿಗೆ ಮರುಳಾದರು. ಅದರ ಬೆನ್ನಲ್ಲೇ, 1960ರ ದಶಕದ ಆರಂಭದಲ್ಲಿ, ಅರೋರಾ ಎಂಬ ಕಂಪನಿ ಜೋಡಿಸಿ ಬಣ್ಣ ಹಚ್ಚುವ ಪ್ಲಾಸ್ಟಿಕ್ ಫ್ರಾಂಕೆನ್‌ಸ್ಟೈನ್‌ನನ್ನು ಮಾರುಕಟ್ಟೆಗೆ ತಂದಿತು. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಬಂದ ಮೇಲಂತೂ ಪುಟ್ಟ ಬೊಂಬೆಗಳಿಗೆ ಬೇಡಿಕೆ ಹೆಚ್ಚಿತು.

ಕ್ಯಾಮೆರಾಕ್ಕೆ ಬಳಿದ ಬಣ್ಣ

ಬಣ್ಣದ ಪ್ರಶ್ನೆಗೆ ಮರಳೋಣ. ಫ್ರಾಂಕೆನ್‌ಸ್ಟೈನ್‌ನ ರಾಕ್ಷಸ ಎಂದರೆ ಹಸಿರು ಮುಖ ಎಂಬುದು ಇಂದು ಜನಜನಿತ. ಆದರೆ 1931ರ ಚಿತ್ರವನ್ನು ನೋಡಿದವರಾರೂ ಹಸಿರನ್ನು ಕಂಡವರಲ್ಲ. ಪ್ರಸಾಧನ ಕಲಾವಿದ ಜಾಕ್ ಪಿಯರ್ಸ್ ನಟ ಬೋರಿಸ್ ಕಾರ್ಲಾಫ್‌ನ ಮುಖಕ್ಕೆ ಹಸಿರು ಛಾಯೆಯ ಬೂದು ಬಣ್ಣ ಬಳಿದದ್ದು, ಕಪ್ಪು-ಬಿಳುಪು ಫಿಲಂನಲ್ಲಿ ಅದು ಹೆಣದಂತೆ ಬಿಳಿಚಿಕೊಂಡು ಕಾಣಲೆಂದು. ಅದು ಕ್ಯಾಮೆರಾದ ಕಣ್ಣಿಗಾಗಿ ಬಳಿದ ಬಣ್ಣ, ಮನುಷ್ಯರ ಕಣ್ಣಿಗಲ್ಲ. ಆದರೂ ಪೋಸ್ಟರು, ಆಟಿಕೆಗಳಲ್ಲಿ ಹಸಿರೇ ನೆಲೆಯೂರಿತು.

ಜಪಾನಿನ ಗಾಡ್ಜಿಲ್ಲಾನ ಕಥೆ ಇನ್ನೂ ಗಂಭೀರ. ಇಶಿರೊ ಹೊಂಡಾ ನಿರ್ದೇಶನದ ಮೊದಲ ಚಿತ್ರ ಬಂದದ್ದು 1954ರಲ್ಲಿ. ಹಿರೋಶಿಮಾದ ನೆನಪು ಆಗಿನ್ನೂ ಹಸಿಯಾಗಿತ್ತು. ಅದೇ ವರ್ಷ ಅಮೆರಿಕ ಪೆಸಿಫಿಕ್ ಸಾಗರದಲ್ಲಿ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣ ಭರಿತ ಬೂದಿ ಜಪಾನಿ ಮೀನುಗಾರರ ದೋಣಿಯೊಂದರ ಮೇಲೆ ಸುರಿದಿತ್ತು. ಗಾಡ್ಜಿಲ್ಲಾನ ಒರಟು ಚರ್ಮಕ್ಕೆ ಬಾಂಬಿನಿಂದ ಬದುಕುಳಿದವರ ಮೈಮೇಲಿನ ಸುಟ್ಟ ಗಾಯದ ಕಲೆಗಳೇ ಪ್ರೇರಣೆ ಎನ್ನಲಾಗುತ್ತದೆ. ಆ ವೇಷದ ಬಣ್ಣ ಇದ್ದಿಲಿನಂಥ ಕಡುಬೂದು. ಅಮೆರಿಕದ ಪೋಸ್ಟರುಗಳೂ ಆಟಿಕೆಗಳೂ ಅವನನ್ನು ಹಸಿರಾಗಿಸಿದವು. ಜಪಾನಿನ ಚಿತ್ರಗಳಲ್ಲಿ ಅವನು ನಿಜಕ್ಕೂ ಹಸಿರು ಮೈಯವನಾಗಿ ಕಾಣಿಸಿಕೊಳ್ಳಲು 1999ರವರೆಗೆ ಕಾಯಬೇಕಾಯಿತು. ಹಸಿರು ಹಚ್ಚಿದರೆ ಅವನೊಂದು ದೈತ್ಯ ಹಲ್ಲಿ. ಇದ್ದಿಲಿನ ಬಣ್ಣ ಹಚ್ಚಿದರೆ ಸುಟ್ಟ ನಗರವೊಂದರ ನೆನಪು. ಬಣ್ಣದ ಆಯ್ಕೆ ಎಂದರೆ ಅರ್ಥದ ಆಯ್ಕೆಯೂ ಹೌದು.

ನೆರಳನ್ನೂ ಬರೆಯಬೇಕು

ಆಟದ ಬೊಂಬೆಗಳಲ್ಲಿ ಆಳೆತ್ತರವೆಂದರೆ ಸಾಮಾನ್ಯವಾಗಿ 28 ಮಿಲಿಮೀಟರ್. ಇಷ್ಟು ಚಿಕ್ಕ ಮೈಮೇಲೆ ಬೆಳಕು ಬಿದ್ದರೆ ನೆರಳು ತಕ್ಕಷ್ಟು ಮೂಡುವುದಿಲ್ಲ. ಒಂದೇ ಬಣ್ಣ ಬಳಿದರೆ ಬೊಂಬೆ ಚಪ್ಪಟೆಯಾಗಿ ಕಾಣುತ್ತದೆ. ಆದ್ದರಿಂದ ನೆರಳನ್ನೂ ಬೆಳಕನ್ನೂ ಬಣ್ಣದಲ್ಲೇ ತರಬೇಕು. ಮೊದಲು ಬಣ್ಣ ಹಿಡಿಯಲೆಂದು ಪ್ರೈಮರ್ ಲೇಪ. ಅದರ ಮೇಲೆ ನೀರು ಬೆರೆಸಿ ತೆಳುವಾಗಿಸಿದ ಅಕ್ರಿಲಿಕ್ ಬಣ್ಣದ ಪದರಗಳು. ಬಣ್ಣ ಮಂದವಾದರೆ ಹುರುಪೆಯ ಗೆರೆಗಳೇ ಮುಚ್ಚಿಹೋಗುತ್ತವೆ. ಬಳಿಕ ಕಡುಬಣ್ಣದ ನೀರು ಹರಿಸಿದರೆ ಅದು ತಗ್ಗುಗಳಲ್ಲಿ ನಿಂತು ನೆರಳಾಗುತ್ತದೆ. ಕೊನೆಗೆ, ಬಣ್ಣವನ್ನು ಬಹುಪಾಲು ಒರೆಸಿದ ಒಣಕುಂಚದಿಂದ ಮೃದುವಾಗಿ ಸವರಿದರೆ ಉಬ್ಬುಗಳಷ್ಟೇ ಹೊಳೆಯುತ್ತವೆ.

ಕೆಲವರು ಬಣ್ಣದ ಗೊಡವೆಯನ್ನೇ ಬಿಟ್ಟು, ಬರಿಯ ಕಪ್ಪು, ಬಿಳುಪು, ಬೂದುಗಳಲ್ಲೇ ಬೊಂಬೆಯನ್ನು ಬರೆಯುವುದುಂಟು. ಇದು ಸುಲಭವೆಂದು ತಿಳಿದರೆ ತಪ್ಪು. ಬಣ್ಣಗಳ ಆಸರೆಯಿಲ್ಲದೆ ಚರ್ಮ, ಬಟ್ಟೆ, ಕಲ್ಲುಗಳನ್ನು ಬೂದಿನ ಛಾಯೆಗಳಿಂದಲೇ ಬೇರ್ಪಡಿಸಿ ತೋರಿಸಬೇಕು. ಹಳೆಯ ಛಾಯಾಗ್ರಾಹಕರ ಕೆಲಸವೂ ಅದೇ ಆಗಿತ್ತಲ್ಲವೇ?

ಮರೆಯಾದ ಹೆಸರು

ಮೀನುಮಾನವನ ಹಿಂದೆ ಅನ್ಯಾಯದ ಕಥೆಯೊಂದಿದೆ. ಅವನ ರೂಪವನ್ನು ಚಿತ್ರಿಸಿದವರು ಡಿಸ್ನಿ ಸ್ಟುಡಿಯೋದಲ್ಲಿ ದುಡಿದಿದ್ದ ಮಿಲಿಸೆಂಟ್ ಪ್ಯಾಟ್ರಿಕ್ ಎಂಬ ಕಲಾವಿದೆ. ಸಂಸ್ಥೆ ಅವರನ್ನು ‘ರಾಕ್ಷಸನನ್ನು ಸೃಷ್ಟಿಸಿದ ಸುಂದರಿ’ ಎಂದು ಕರೆದು ಪ್ರಚಾರಕ್ಕೆ ಕಳಿಸಲು ಯೋಚಿಸಿತು. ಪ್ರಸಾಧನ ವಿಭಾಗದ ಮುಖ್ಯಸ್ಥ ಬಡ್ ವೆಸ್ಟ್‌ಮೋರ್ ಇದಕ್ಕೆ ತಕರಾರೆತ್ತಿದರು. ‘ಸೃಷ್ಟಿಸಿದ’ ಎಂಬುದು ಹೋಗಿ ‘ರಾಕ್ಷಸರೊಡನೆ ಬಾಳುವ ಸುಂದರಿ’ ಎಂದಾಯಿತು. ಚಿತ್ರದ ಹೆಸರುಪಟ್ಟಿಯಲ್ಲಿ ಪ್ಯಾಟ್ರಿಕ್ ಇರಲಿಲ್ಲ. ಪ್ರವಾಸ ಮುಗಿಸಿ ಬಂದವರಿಗೆ ವೆಸ್ಟ್‌ಮೋರ್ ಮತ್ತೆ ಕೆಲಸ ಕೊಡಲಿಲ್ಲ. ಪ್ಯಾಟ್ರಿಕ್ 1998ರಲ್ಲಿ ತೀರಿಕೊಂಡರು. ಅವರ ಬದುಕನ್ನು ಕುರಿತು ಮ್ಯಾಲರಿ ಓಮೆರಾ ಬರೆದ ಪುಸ್ತಕ ಬಂದದ್ದು 2019ರಲ್ಲಿ.

ಕಿವಿರಿನ ಒಂದೊಂದೇ ಗೆರೆಗೆ ಸೂಜಿಮೊನೆಯಂಥ ಕುಂಚ ತಾಗಿಸುವ ಹವ್ಯಾಸಿ ಹಿಂಬಾಲಿಸುವುದು ಈ ಕಲಾವಿದೆ ಎಂದೋ ಕಾಗದದ ಮೇಲೆ ಎಳೆದ ಗೆರೆಯನ್ನೇ. ಹಚ್ಚುವ ಬಣ್ಣ ಅವರವರ ಇಷ್ಟ. ಗೆರೆ ಮಾತ್ರ ಮಿಲಿಸೆಂಟ್ ಪ್ಯಾಟ್ರಿಕ್ ಅವರದು.