ಬೇಕ್ಡ್ ಬೀನ್ಸ್‌ಗೆ ಓವನ್ ಯಾಕೆ? ಖಟಕ ಚಿಂಚೋಳಿಯ ಒಲೆ ಸಾಕು

ರೀಲ್ಸ್‌ನಲ್ಲಿ ನೋಡಿದರೆ ಬೇಕ್ಡ್ ಬೀನ್ಸ್, ಸಾಸೇಜ್ ಅಂದ್ರೆ ದುಡ್ಡಿದ್ದವರ ನಾಷ್ಟಾ ಅನ್ನಿಸುತ್ತೆ. ಅಸಲು ಲೆಕ್ಕ ಬೇರೆ. ಮಾಂಸ ಸ್ವಲ್ಪ, ಉಣ್ಣುವ ಬಾಯಿ ಜಾಸ್ತಿ, ಅದಕ್ಕೇ ಕಾಳು. ಎರಡನೇ ಮಹಾಯುದ್ಧದಲ್ಲಿ ರೇಷನ್ ಬಂದಾಗ ಬ್ರಿಟನ್ನಿನ ಹೈಂಜ್ ಡಬ್ಬಿಯಿಂದ ಹಂದಿಮಾಂಸದ ತುಂಡು ಹೋಯಿತು, ಕಾಳು ಉಳಿಯಿತು. ಅಂದಹಾಗೆ ಡಬ್ಬಿಯ ಕಾಳು ಓವನ್‌ನಲ್ಲಿ ಸುಟ್ಟದ್ದೂ ಅಲ್ಲ, ಡಬ್ಬಿಯೊಳಗೇ ಬೆಂದದ್ದು. ಹಾಗಾಗಿ ಒಲೆಯ ಮೇಲೆ ಮಾಡಿದರೆ ಮೋಸವೇನಿಲ್ಲ.

ನಮ್ಮ ಬೀದರ್ ಕಡೆ ಈ ಲೆಕ್ಕ ಹೊಸದಲ್ಲ. ಮುಸ್ಲಿಮರ ಮದುವೆಯಲ್ಲಿ ಬಗಾರಾ ಖಾನಾ ಜೊತೆ ಬಡಿಸುವ ದಾಲ್ಚಾ ನೆನಪಿಸಿಕೊಳ್ಳಿ: ಕಡಲೆಬೇಳೆ, ಸೋರೆಕಾಯಿ, ನಡುವೆ ಒಂದೆರಡು ಮಟನ್ ತುಂಡು. ಅದರಲ್ಲಿ ಹುಣಸೆಹುಳಿ ಕೊನೆಗೇ ಯಾಕೆ ಬೀಳುತ್ತೆ ಅಂತ ತಿಳಿದರೆ ಬೀನ್ಸ್ ಅರ್ಧ ಕಲಿತಂತೆ.

ಕಾಳಿನ ಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಅದು ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತೆ. ಹುಳಿ ಬಿದ್ದರೆ ಅದು ಕರಗಲ್ಲ; ಬೋರ್‌ವೆಲ್‌ನ ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಇನ್ನಷ್ಟು ಬಿಗಿ ಮಾಡುತ್ತೆ. ಟೊಮೆಟೊ, ಬೆಲ್ಲ ಮೊದಲೇ ಹಾಕಿದರೆ ಸಿಲಿಂಡರ್ ಖಾಲಿಯಾದರೂ ಕಾಳು ಕಟಕಟ ಅನ್ನೋದೇ. ಉಪ್ಪು ಮಾತ್ರ ಉಲ್ಟಾ. ನೆನೆಸುವ ನೀರಿಗೇ ಹಾಕಿ, ಸಿಪ್ಪೆ ಮೆತ್ತಗಾಗುತ್ತೆ.

ಕಾಲು ಕಿಲೋ ಅಲಸಂದಿ ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುಕ್ಕರ್‌ಗೆ ಇಟ್ಟು ಮೂರು ಸೀಟಿ ಹೊಡೆಸಿ. ನೀರು ಗಡಸಿದ್ದರೆ ಚಿಟಿಕೆ ಸೋಡಾ. ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು. ರಾಜ್ಮಾ ಆದರೆ ಸೀಟಿ ಹೆಚ್ಚು ಬೇಕು. ಅದನ್ನು ಅರೆಬೆಂದದ್ದು ತಿಂದರೆ ವಾಂತಿ ಗ್ಯಾರಂಟಿ, ಅದರಲ್ಲಿ ಲೆಕ್ಟಿನ್ ಎಂಬ ವಿಷಾಂಶ ಇರುತ್ತೆ.

ಸಾಸೇಜ್ ಇಲ್ಲಿ ಎಲ್ಲಿ ಸಿಗಬೇಕು? ಕಾಲು ಕಿಲೋ ಮಟನ್ ಖೀಮಾ ತನ್ನಿ, ಕೊಬ್ಬು ಬಿಡಿಸಬೇಡಿ. ಮುಕ್ಕಾಲು ಚಮಚ ಉಪ್ಪು, ಬೆಳ್ಳುಳ್ಳಿ, ಖಾರ, ಗರಂ ಮಸಾಲೆ ಹಾಕಿ ಐದು ನಿಮಿಷ ನಾದಿ. ಉಪ್ಪು ಮಾಂಸದ ಪ್ರೋಟೀನ್ ಬಿಡಿಸಿ ಅಂಟು ಮಾಡುತ್ತೆ, ಕರುಳಿನ ಚೀಲ ಇಲ್ಲದೆಯೂ ನಿಲ್ಲುತ್ತೆ. ಒದ್ದೆ ಕೈಯಲ್ಲಿ ಬೆರಳುದ್ದ ಮಾಡಿ, ಸುತ್ತಲೂ ಕೆಂಪಗೆ ಹುರಿದು ತೆಗೆದಿಡಿ.

ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ ಕೆಡದಂತೆ ಉಳಿಸುವ ಒಂದು ದಾರಿ ಸಾಸೇಜ್. 1956ರವರೆಗೆ ಬೀದರ್ ಜೊತೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಮರಾಠವಾಡದಲ್ಲಿ ದಲಿತರು ಇನ್ನೊಂದು ದಾರಿ ಹಿಡಿದರು: ದನದ ಮಾಂಸವನ್ನು ಸೀಳಿ ಬಿಸಿಲಲ್ಲಿ ಒಣಗಿಸಿಟ್ಟರು. ಅದಕ್ಕೆ ಚಾನ್ಯಾ ಅನ್ನುತ್ತಾರೆ. ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ಈ ಅಡುಗೆಯನ್ನು ಪುಸ್ತಕ ಮಾಡಿದರು. ಇಂಗ್ಲಿಷ್ ಓದುಗರಿಗೆ ಅದು ಸಿಕ್ಕಿದ್ದು 2024ರಲ್ಲಿ. ಯುರೋಪಿನ ಉಪ್ಪುಮಾಂಸ ಕೆಫೆಯ ಮೆನುವಿಗೆ ಏರಿತು, ನಮ್ಮ ಒಣಮಾಂಸ ಬಾಗಿಲು ಹಾಕಿಕೊಂಡು ಬೇಯುತ್ತೆ. ಕರ್ನಾಟಕದ 2020ರ ಜಾನುವಾರು ಹತ್ಯೆ ಕಾಯ್ದೆಯಲ್ಲಿ ಮೊದಲ ತಪ್ಪಿಗೇ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ದಂಡ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕಷ್ಟೇ ವಿನಾಯಿತಿ. ಈ ಪಾಕದಲ್ಲಿ ಮಟನ್ ಬರೆದದ್ದು ರುಚಿಯ ಕಾರಣಕ್ಕಷ್ಟೇ ಅಲ್ಲ. ಆದರೆ ಮಟನ್ ದರ ನೋಡಿದ ಮೇಲೆ, ಕಾಲು ಕಿಲೋದಲ್ಲಿ ಐದು ಜನಕ್ಕೆ ಉಣ್ಣಿಸುವ ಕಾಳಿನ ಬೆಲೆ ತಾನಾಗೇ ಗೊತ್ತಾಗುತ್ತೆ.

ಅದೇ ಬಾಣಲೆಯ ಜಿಡ್ಡಿನಲ್ಲಿ ಎರಡು ಈರುಳ್ಳಿ, ಮೂರು ಟೊಮೆಟೊ ಬಾಡಿಸಿ. ಖಾರದ ಪುಡಿ, ಒಂದೂವರೆ ಚಮಚ ಬೆಲ್ಲ, ಚೂರು ಸಾಸಿವೆ ಪುಡಿ. ಬೆಂದ ಕಾಳನ್ನು ಅದರ ಕಟ್ಟಿನ ಸಮೇತ ಸುರಿದು, ಒಂದು ಸೌಟು ಕಾಳು ಅಲ್ಲೇ ಮಸೆಯಿರಿ. ಖೀಮಾ ಹುದುಗಿಸಿ ಸಣ್ಣ ಉರಿಯಲ್ಲಿ ಅರ್ಧ ತಾಸು ಬಿಡಿ. ಬ್ರೆಡ್ ಹುಡುಕಬೇಡಿ, ಬಿಸಿ ಜೋಳದ ರೊಟ್ಟಿ ಸಾಕು. ಉಳಿದದ್ದು ಮರುದಿನ ಗಟ್ಟಿಯಾಗುತ್ತೆ, ಸ್ವಲ್ಪ ಬಿಸಿನೀರು ಬೆರೆಸಿ ಕಾಯಿಸಿ.