ಹಳೆಯ ಬೈಕಿಗೆ ಎರಡು ಹಳದಿ ದೀಪ

ಹೊಗೆಸೊಪ್ಪಿನ ಹರಾಜು ಆರಂಭವಾಯಿತೆಂದರೆ ಹನಗೋಡು–ಹುಣಸೂರು ರಸ್ತೆಯ ಸ್ವರೂಪವೇ ಬದಲಾಗುತ್ತದೆ. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಬೇಲ್ ಹೊತ್ತ ಪಿಕಪ್‌ಗಳು, ಬ್ಯಾರನ್ನಿಗೆ ಸೌದೆ ತುಂಬಿಕೊಂಡ ಟ್ರ್ಯಾಕ್ಟರುಗಳು, ಹಿಂದೀಪವೇ ಇಲ್ಲದ ಟ್ರೇಲರುಗಳು, ಇವುಗಳ ನಡುವೆ ಮುಸ್ಸಂಜೆಯಲ್ಲಿ ಮನೆ ಸೇರುವ ಆತುರದ ನಮ್ಮಂಥ ಬೈಕಿನವರು. ಎದುರಿನಿಂದ ಒಂದೇ ಬೆಳಕು ಬರುತ್ತಿದ್ದರೆ ಅದು ಬೈಕೋ, ಒಂದು ಕಣ್ಣು ಕೆಟ್ಟ ಲಾರಿಯೋ ಹೇಳಲಾಗದು. ನಾವು ಹೀಗೆ ಅನುಮಾನಿಸುವಾಗ ಎದುರಿನವರೂ ನಮ್ಮ ಒಂಟಿ ದೀಪವನ್ನು ನೋಡಿ ಹಾಗೆಯೇ ಅನುಮಾನಿಸುತ್ತಿರುತ್ತಾರೆ ಎಂಬುದು ನನಗೆ ಹೊಳೆದದ್ದು ತಡವಾಗಿ.

ನನ್ನ ಬೈಕು 2006ರದು. ಆ ಕಾಲದ ನೂರು ಸಿಸಿ ಬೈಕುಗಳಲ್ಲಿ ಬಹಳಷ್ಟರ ಹೆಡ್‌ಲೈಟಿಗೆ ವಿದ್ಯುತ್ತು ಬ್ಯಾಟರಿಯಿಂದ ಬರುವುದಿಲ್ಲ. ಎಂಜಿನ್ನಿನ ಜೊತೆ ತಿರುಗುವ ಮ್ಯಾಗ್ನೆಟ್‌ನ ಕಾಯಿಲ್‌ನಿಂದ ನೇರವಾಗಿ ಬರುತ್ತದೆ. ಎಂಜಿನ್ ಜೋರಾಗಿ ತಿರುಗಿದರೆ ಬೆಳಕು ಪ್ರಖರ, ನಿಧಾನವಾದರೆ ಮಂಕು. ನಾಗರಹೊಳೆಯ ಅಂಚಿನ ಊರುಗಳ ಕಡೆಯ ರಸ್ತೆಯಲ್ಲಿ ಆನೆಯಿರಬಹುದೆಂಬ ಗುಮಾನಿಯಿಂದ ವೇಗ ತಗ್ಗಿಸಿದೊಡನೆ ದೀಪವೂ ತಗ್ಗುತ್ತದೆ. ಬೆಳಕು ಹೆಚ್ಚು ಬೇಕಾದ ಗಳಿಗೆಯಲ್ಲೇ ಅದು ಕಡಿಮೆಯಾಗುವ ವಿಚಿತ್ರ ಏರ್ಪಾಡು ಇದು. ಇಂಡಿಕೇಟರ್ ಮತ್ತು ಹಾರ್ನ್ ಮಾತ್ರ ಬ್ಯಾಟರಿಯ ಆಶ್ರಯದಲ್ಲಿರುತ್ತವೆ. ಎಂಜಿನ್ ನಿಧಾನವಾದರೂ ಅವು ಸೊರಗುವುದಿಲ್ಲ.

2017ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರಾಟವಾಗುವ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಚಾಲೂ ಆದೊಡನೆ ತಾನಾಗಿ ಉರಿಯಬೇಕೆಂಬ ನಿಯಮ ಬಂತು. ಹಗಲಲ್ಲಿ ಲೈಟು ಹಾಕಿಕೊಂಡು ಹೋಗುತ್ತಿದ್ದೀರಿ ಎಂದು ಎದುರಿನವರು ಕೈಯಾಡಿಸಿ ಎಚ್ಚರಿಸುತ್ತಿದ್ದ ದಿನಗಳು ಹಾಗೆ ಮುಗಿದವು. ಆದರೆ ಅದಕ್ಕಿಂತ ಹಿಂದಿನ ಬೈಕುಗಳು ನಮ್ಮ ಕಡೆ ಇನ್ನೂ ಧಾರಾಳವಾಗಿ ಓಡಾಡುತ್ತಿವೆ. ಹಳ್ಳಿಯಲ್ಲಿ ಬೈಕಿಗೆ ನಿವೃತ್ತಿ ಎಂಬುದಿಲ್ಲ. ಅಪ್ಪನಿಂದ ಮಗನಿಗೆ, ಮಗನಿಂದ ಹೊಲಕ್ಕೆ.

ಬೈಕು ಕಣ್ಣಿಗೆ ಬೀಳದಿರುವುದು ನಮ್ಮೂರಿನ ಸಮಸ್ಯೆಯಷ್ಟೇ ಅಲ್ಲ. ಅಮೆರಿಕದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಸುತ್ತಮುತ್ತಲಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಬೈಕಿಗೂ ಇನ್ನೊಂದು ವಾಹನಕ್ಕೂ ನಡೆದ ಡಿಕ್ಕಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಆ ಇನ್ನೊಂದು ವಾಹನದವರು ಬೈಕಿನ ದಾರಿಗೆ ಅಡ್ಡ ಬಂದದ್ದರಿಂದ ಆದವು. ಬೈಕನ್ನು ಗಮನಿಸಲಿಲ್ಲ, ಗಮನಿಸಿದಾಗ ತಡವಾಗಿತ್ತು ಎಂಬುದೇ ಪ್ರಧಾನ ಕಾರಣ. ಗಮನಿಸಿದರೂ ಸಾಲದು. ಕತ್ತಲಲ್ಲಿ ಒಂಟಿ ದೀಪ ಎಷ್ಟು ವೇಗವಾಗಿ ಹತ್ತಿರವಾಗುತ್ತಿದೆ ಎಂದು ಅಳೆಯುವುದು ಕಣ್ಣಿಗೆ ಕಷ್ಟ. ಎರಡು ದೀಪಗಳಿದ್ದರೆ ಅವುಗಳ ನಡುವಿನ ಅಂತರ ಅಗಲವಾಗುತ್ತ ಹೋಗುವುದನ್ನು ನೋಡಿ ಮಿದುಳು ಲೆಕ್ಕ ಹಾಕುತ್ತದೆ. ಒಂದೇ ಚುಕ್ಕೆಯಲ್ಲಿ ಆ ಲೆಕ್ಕಕ್ಕೆ ಆಧಾರವಿಲ್ಲ. ಹೆಡ್‌ಲೈಟಿನ ಜೊತೆಗೆ ಇನ್ನೆರಡು ಸಣ್ಣ ದೀಪಗಳನ್ನು ತ್ರಿಕೋನದಂತೆ ಜೋಡಿಸಿದರೆ ಕತ್ತಲಲ್ಲಿ ಬೈಕಿನ ವೇಗವನ್ನು ಜನ ಹೆಚ್ಚು ಸರಿಯಾಗಿ ಅಂದಾಜಿಸುತ್ತಾರೆಂದು ಬ್ರಿಟನ್ನಿನ ಸಂಶೋಧಕರು 2012ರಲ್ಲಿ ತೋರಿಸಿದರು.

ಆ ಎರಡು ಸಣ್ಣ ದೀಪಗಳು ಪ್ರತಿ ಬೈಕಿನ ಮುಂದೆಯೂ ಈಗಾಗಲೇ ಇವೆಯಲ್ಲ! ಅಮೆರಿಕದಲ್ಲಿ ಮಾರಾಟವಾಗುವ ಅನೇಕ ಬೈಕುಗಳಲ್ಲಿ ಮುಂದಿನ ಇಂಡಿಕೇಟರುಗಳು ಸದಾ ಮೆಲ್ಲಗೆ ಉರಿಯುತ್ತಿರುತ್ತವೆ. ಒಂದೇ ಬಲ್ಬಿನಲ್ಲಿ ಎರಡು ತಂತಿ, ಒಂದು ಇರವು ತೋರಲು, ಇನ್ನೊಂದು ತಿರುವು ಹೇಳಲು. ನಮ್ಮ ಬೈಕುಗಳ ಇಂಡಿಕೇಟರಿನಲ್ಲಿರುವುದು ಹತ್ತು ವಾಟಿನ ಒಂದೇ ತಂತಿಯ ಬಲ್ಬು. ಅಂಥ ಎರಡನ್ನು ಸದಾ ಉರಿಸಿದರೆ ಒಂದೂಮುಕ್ಕಾಲು ಆಂಪಿಯರಿನಷ್ಟು ವಿದ್ಯುತ್ತು ಬೇಕು. ಎರಡೂವರೆ ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿ ಎಂಜಿನ್ ನಿಂತಿರುವಾಗ ಒಂದೂವರೆ ಗಂಟೆಯೂ ಬಾಳಲಾರದು. ಎಲ್‌ಇಡಿಗಾದರೆ ಒಂದೊಂದು ವಾಟು ಸಾಕು.

ಈ ಓದಿನ ಹುಮ್ಮಸ್ಸಿನಲ್ಲೇ ಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರ ಬಳಿಗೆ ಹೋದೆ. ನಾಲ್ಕೂ ಬಲ್ಬು ತೆಗೆದು ಎಲ್‌ಇಡಿ ಹಾಕಿದರು. ಬಲಕ್ಕೆ ಸ್ವಿಚ್ ಒತ್ತಿದರೆ ನಾಲ್ಕೂ ಒಟ್ಟಿಗೆ ಪಟಪಟನೆ ಮಿಟುಕಿದವು. ‘ಇದೇನ್ ಸಾರ್, ಮದುವೆ ಮನೆ ಸೀರಿಯಲ್ ಸೆಟ್ ಆಯ್ತು’ ಎಂದು ಅವರೇ ನಕ್ಕರು. ಪಟಪಟನೆ ಮಿಟುಕಲು ಕಾರಣ ಹಳೆಯ ಫ್ಲ್ಯಾಶರ್. ಅದು ಬಲ್ಬುಗಳು ಎಳೆಯುವ ವಿದ್ಯುತ್ತಿನ ಭಾರಕ್ಕೆ ಒಗ್ಗಿಕೊಂಡದ್ದು. ಭಾರ ಇಳಿದರೆ ಬಲ್ಬು ಸುಟ್ಟಿದೆಯೆಂದು ತಿಳಿದು ಅವಸರಪಡುತ್ತದೆ. ಎಲ್‌ಇಡಿಗೆಂದೇ ಮಾಡಿದ ಫ್ಲ್ಯಾಶರ್ ಹಾಕಿದಾಗ ಆ ಅವಸರ ನಿಂತಿತು. ನಾಲ್ಕೂ ಹೊತ್ತಿಕೊಂಡದ್ದಕ್ಕೆ ಕಾರಣ ಮೀಟರಿನ ಮೇಲಿನ ಪುಟ್ಟ ಸೂಚಕ ಬಲ್ಬು. ಎಡ ಮತ್ತು ಬಲ ವೈರುಗಳ ನಡುವೆ ಅದೊಂದೇ ಸೇತುವೆ. ಅದರ ಮೂಲಕ ಆಚೆ ದಡಕ್ಕೆ ಹರಿಯುವ ಅತ್ಯಲ್ಪ ವಿದ್ಯುತ್ತು ಹಳೆಯ ಬಲ್ಬಿಗೆ ಏನೂ ಅಲ್ಲ, ಎಲ್‌ಇಡಿಗೆ ಮಾತ್ರ ಮೃಷ್ಟಾನ್ನ. ಸೂಚಕದ ಒಂದು ತುದಿಯನ್ನು ಬಾಡಿಗೆ ಕೊಟ್ಟು, ಇನ್ನೊಂದು ತುದಿಗೆ ಎರಡೂ ಬದಿಯ ವೈರುಗಳನ್ನು ಒಂದೊಂದು ಡಯೋಡಿನ ಮೂಲಕ ತಂದಾಗ ಅದೂ ಸರಿಹೋಯಿತು. ಡಯೋಡ್ ಎಂದರೆ ಏಕಮುಖ ಸಂಚಾರದ ರಸ್ತೆ. ಎರಡರ ಬೆಲೆ ಒಂದು ಕಾಫಿಗಿಂತ ಕಡಿಮೆ.

ಆಮೇಲೆ ಇಗ್ನಿಷನ್ ಕೀಯಿಂದ ಒಂದು ವೈರು ಎಳೆದು, ರೆಸಿಸ್ಟರ್ ಮತ್ತು ಡಯೋಡುಗಳ ಮೂಲಕ ನಾಲ್ಕೂ ಇಂಡಿಕೇಟರುಗಳಿಗೆ ಕೊಟ್ಟರು. ಕೀ ತಿರುಗಿಸಿದರೆ ಹಿಂದೆ ಮುಂದೆ ಹಳದಿ ಬೆಳಕು. ನೋಡಿದವರೆಲ್ಲ ಮೆಚ್ಚಿದರು. ನನಗೂ ಸ್ವಲ್ಪ ಹೆಮ್ಮೆಯೇ ಆಯಿತು.

ಎರಡು ವಾರದ ನಂತರ ಒಂದು ಸಂಜೆ, ನಮ್ಮ ಓಣಿಯ ಕಡೆಗೆ ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿ ವೇಗ ತಗ್ಗಿಸಿದೆ. ಕನ್ನಡಿಯಲ್ಲಿ ಹಿಂದಿನ ಪಿಕಪ್ ದೂರದಲ್ಲಿತ್ತು. ತಿರುಗಿಸುವಷ್ಟರಲ್ಲಿ ಅದು ನನ್ನ ಬಲಕ್ಕೇ ನುಗ್ಗಿ ಬಂದಿತ್ತು. ಹ್ಯಾಂಡಲ್ಲಿನ ತುದಿಗೂ ಅದರ ಕನ್ನಡಿಗೂ ಒಂದು ಗೇಣಿನ ಅಂತರ. ಮುಂದೆ ಹೋಗಿ ನಿಲ್ಲಿಸಿದ ಚಾಲಕ ಇಳಿದು ಬಂದ. ಬಯ್ಯುವನೆಂದುಕೊಂಡೆ. ಆತನ ಕೈಯೂ ನಡುಗುತ್ತಿತ್ತು. ‘ಏನ್ ಸಾರ್ ಇದು, ಕೆರೆ ಏರಿಯಿಂದ ಹತ್ತಿಸ್ಕೊಂಡೇ ಬರ್ತಿದ್ರಿ. ಈಗ ತಿರುಗ್ತೀರಿ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?’

ಉತ್ತರವಿರಲಿಲ್ಲ. ಸದಾ ಉರಿಯುವ ಬೆಳಕಿಗೂ ಮಿಟುಕುವ ಬೆಳಕಿಗೂ ನನ್ನ ಬೈಕಿನಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಹಾಕಿದ ರೆಸಿಸ್ಟರ್ ಚಿಕ್ಕದು. ಇರವಿನ ಬೆಳಕೇ ಮುಕ್ಕಾಲು ಪಾಲು ಪ್ರಖರ. ಎಲ್ಲರಿಗೂ ಕಾಣಬೇಕೆಂದು ಹೊರಟ ನಾನು, ಬೈಕಿಗಿದ್ದ ಒಂದೇ ಒಂದು ಮಾತನ್ನು ಗದ್ದಲದಲ್ಲಿ ಮುಳುಗಿಸಿದ್ದೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಬಾರಿ ಮಿಟುಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಮಿಟುಕುವುದೆಂದರೆ ಹೊತ್ತುವುದಷ್ಟೇ ಅಲ್ಲ, ನಡುವೆ ಆರುವುದೂ ಹೌದು. ನನ್ನದು ಆರುತ್ತಲೇ ಇರಲಿಲ್ಲ.

ಮತ್ತೆ ಅದೇ ಅಂಗಡಿಗೆ ಹೋದೆ. ನಡೆದದ್ದನ್ನು ಕೇಳಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಹಿಂದಿನ ಎರಡು ಇಂಡಿಕೇಟರುಗಳ ಇರವಿನ ವೈರನ್ನು ಮೊದಲು ಕತ್ತರಿಸಿದರು. ಹಿಂದೆ ಇರವು ತೋರಲು ಕೆಂಪು ದೀಪವಿದೆ, ಹಳದಿಗೆ ಅಲ್ಲಿ ಆ ಕೆಲಸವಿಲ್ಲ. ಮುಂದಿನವಕ್ಕೆ ದೊಡ್ಡ ರೆಸಿಸ್ಟರ್ ಹಾಕಿ ಬೆಳಕು ಇಳಿಸಿದರು. ಪ್ರತಿ ಬದಿಗೆ ಒಂದು ಸಣ್ಣ ರಿಲೇ, ಅದಕ್ಕೊಂದು ಕೆಪಾಸಿಟರ್. ಇಂಡಿಕೇಟರ್ ಮಿಟುಕಲು ತೊಡಗಿದರೆ ಪ್ರತಿ ಮಿಡಿತವೂ ಕೆಪಾಸಿಟರನ್ನು ತುಂಬುತ್ತದೆ, ರಿಲೇ ಎಳೆದುಕೊಂಡು ಆ ಬದಿಯ ಇರವಿನ ಬೆಳಕನ್ನು ಪೂರ್ತಿ ಕಡಿಯುತ್ತದೆ. ಮಿಟುಕು ನಿಂತು ಒಂದು ಕ್ಷಣದ ಮೇಲೆ ಬೆಳಕು ಮರಳುತ್ತದೆ. ಈಗ ಬಲಕ್ಕೆ ತಿರುಗುವಾಗ ಮುಂದಿನ ಬಲ ದೀಪ ಕತ್ತಲು–ಬೆಳಕು ಎನ್ನುತ್ತದೆ, ಎಡದ್ದು ಸುಮ್ಮನೆ ಉರಿಯುತ್ತದೆ. ಹಿಂದಿನವರಿಗೆ ಕಾಣುವುದು ಮಿಟುಕು ಮಾತ್ರ.

ಇದು ಕಾನೂನಿಗೆ ಒಪ್ಪಿತವೇ? ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿತು. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಪ್ರಕರಣ ದಾಖಲಿಸತೊಡಗಿದರು. ಅದು ಬೇಕಾದ ಕ್ರಮವೇ. ಬಿಳಿ ಎಲ್‌ಇಡಿಯ ಹೊಡೆತಕ್ಕೆ ಸಿಕ್ಕಿ ರಸ್ತೆಯಂಚಿನ ಮಣ್ಣಿಗಿಳಿದ ಅನುಭವ ನನಗೂ ಉಂಟು. ಆದರೆ ಎದುರಿನವರನ್ನು ಕುರುಡಾಗಿಸುವ ದೀಪವನ್ನೂ, ನಾನು ಇಲ್ಲಿದ್ದೇನೆಂದು ಮೆಲ್ಲಗೆ ಹೇಳುವ ದೀಪವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆ? 2017ಕ್ಕೂ ಹಿಂದಿನ ಬೈಕುಗಳಿಗೆ ಇಷ್ಟೇ ಬೆಳಕು, ಇದೇ ಬಣ್ಣ, ತಿರುಗುವಾಗ ಆರಲೇಬೇಕು ಎಂಬ ಷರತ್ತಿನೊಡನೆ ಸಾರಿಗೆ ಇಲಾಖೆಯೇ ಒಂದು ಮಾದರಿಯನ್ನು ಮಂಜೂರು ಮಾಡಿದರೆ, ಪ್ರತಿ ಪೇಟೆಯ ಎಲೆಕ್ಟ್ರಿಷಿಯನ್ನರು ತಮಗೆ ತೋಚಿದಂತೆ ವೈರು ಎಳೆಯುವುದಾದರೂ ತಪ್ಪೀತು.

ಹದಿನೈದು ವರ್ಷ ದಾಟಿದ ಬೈಕಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಮುಂದಿನ ತಪಾಸಣೆಗೆ ಹೋಗುವಾಗ ಆ ವೈರನ್ನು ಬಿಚ್ಚಬೇಕಾದೀತೆಂದು ಎಲೆಕ್ಟ್ರಿಷಿಯನ್ ಅದರ ನಡುವೆ ಒಂದು ಕಪ್ಲರ್ ಇಟ್ಟಿದ್ದಾರೆ. ಬಿಚ್ಚಿಕೊಂಡು ಹೋಗುವುದೋ, ದೀಪ ಉರಿಸಿಕೊಂಡೇ ಇನ್‌ಸ್ಪೆಕ್ಟರ ಮುಂದೆ ನಿಂತು ಕೇಳುವುದೋ ಇನ್ನೂ ತೀರ್ಮಾನಿಸಿಲ್ಲ.