ಕನಕಾಂಬರ: ಬೀಜದಿಂದಲೂ ಕಡ್ಡಿಯಿಂದಲೂ

ಕನಕಾಂಬರದ ಬೀಜ ಬೇಕೆಂದರೆ ಮಳೆ ಬೀಳುವ ಮುಂಚೆ ತೆನೆ ಕೀಳಬೇಕು. ಹೂವೆಲ್ಲ ಉದುರಿ ತೆನೆ ಕಂದು ತಿರುಗುವ ಹೊತ್ತಿಗೆ ಅದರ ಪೊರೆಗಳ ಮರೆಯಲ್ಲಿ ಪುಟ್ಟ ಕಾಯಿಗಳು ಒಣಗಿ ನಿಂತಿರುತ್ತವೆ. ಒಂದೊಂದರಲ್ಲಿ ಹೆಚ್ಚೆಂದರೆ ನಾಲ್ಕು ಬೀಜ. ನೀರು ತಾಗಿದರೆ ಸಾಕು, ಕಾಯಿ ಬಿರಿದು ಬೀಜವನ್ನು ಮಾರು ದೂರಕ್ಕೆ ಎಸೆಯುತ್ತದೆ. ಬಲ್ಲವರು ಈ ಗುಣವನ್ನೇ ಕೆಲಸಕ್ಕೆ ಹಚ್ಚುತ್ತಾರೆ. ಒಣತೆನೆಗಳನ್ನು ಬಟ್ಟೆಯ ಮೇಲೆ ಹರಡಿ, ನೀರು ಚಿಮುಕಿಸಿ, ಮೇಲೊಂದು ಬಟ್ಟೆ ಮುಚ್ಚುತ್ತಾರೆ. ಒಳಗೆ ಒಗ್ಗರಣೆಯ ಸಾಸಿವೆಯಂತೆ ಚಟಪಟ ಶುರುವಾಗುತ್ತದೆ.

ಬೀಜದ ಮೈಮೇಲೆ ಸಣ್ಣ ಹುರುಪೆಗಳಿವೆ. ಒದ್ದೆಯಾದರೆ ಅವು ಲೋಳೆಯಾಗಿ, ಬೀಜ ಬಿದ್ದಲ್ಲೇ ಮಣ್ಣಿಗೆ ಅಂಟಿಕೊಳ್ಳುತ್ತದೆ. ಕಾಡಿನಲ್ಲಿ ಇದು ಉಪಕಾರ, ನಮ್ಮ ಕೈಯಲ್ಲಿ ತೊಡಕು. ಆದ್ದರಿಂದ ಆರಿಸಿದ ಬೀಜವನ್ನು ತಡಮಾಡದೆ ನೆರಳಲ್ಲಿ ಆರಿಸಿ, ಹೊಸದಿರುವಾಗಲೇ ಬಿತ್ತುವುದು ಒಳ್ಳೆಯದು. ನೀರು ನಿಲ್ಲದ ಏರುಮಡಿ, ಮರಳು ಬೆರೆಸಿದ ಹುಡಿಮಣ್ಣು, ಬೀಜ ಮರೆಯಾಗುವಷ್ಟೇ ಮೇಲುಮಣ್ಣು. ಇಷ್ಟಾದರೆ ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣುತ್ತದೆ.

ಅಚ್ಚ ಕಿತ್ತಳೆ ಬಣ್ಣದ 'ದೆಹಲಿ' ಕನಕಾಂಬರದ ಮುಂದೆ ಮಾತ್ರ ಈ ವಿದ್ಯೆ ನಡೆಯದು. ಎಷ್ಟೋ ಗಿಡಗಳ ಜೀವಕೋಶದಲ್ಲಿ ವರ್ಣತಂತುಗಳ ಎರಡು ಗಣಗಳಿದ್ದರೆ ಇದರಲ್ಲಿ ಮೂರು. ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದು, ಹಾಗಾಗಿ ಬೀಜ ಕಟ್ಟದು. ಈ ತಳಿಯ ಗಿಡಗಳೆಲ್ಲ ಒಂದರ ಕಡ್ಡಿಯಿಂದ ಇನ್ನೊಂದು ಹುಟ್ಟುತ್ತ ಬಂದವು.

ಕಡ್ಡಿ ಆರಿಸುವಲ್ಲಿ ಕೈಚಳಕವಿದೆ. ತೀರ ಎಳೆಯದು ಕೊಳೆಯುತ್ತದೆ, ಬಲಿತು ಕಟ್ಟಿಗೆಯಾದದ್ದು ಬೇರು ಬಿಡಲು ಹಿಂದೇಟು ಹಾಕುತ್ತದೆ. ಹೂತೆನೆ ಇಲ್ಲದ, ಬಾಗಿಸಿದರೆ ಬಳುಕಿ ನಿಲ್ಲುವ ಗೇಣಿಗಿಂತ ಚಿಕ್ಕ ತುದಿಗಡ್ಡಿ ಬೇಕು. ಎಲೆ ಹುಟ್ಟುವ ಗೆಣ್ಣಿನ ತುಸು ಕೆಳಗೆ, ಹರಿತವಾದ ಚಾಕುವಿನಿಂದ ಒಂದೇ ಏಟಿಗೆ ಕತ್ತರಿಸುತ್ತಾರೆ. ಜಜ್ಜಿದ ತುದಿಯಲ್ಲಿ ಕೊಳೆ ಬೇಗ ಹತ್ತುತ್ತದೆ. ಬುಡದ ಎಲೆ ತೆಗೆದು, ಮೇಲೆ ಎರಡು ಮೂರು ಉಳಿಸಿ, ತುದಿಯನ್ನು ಬೇರು ಬರಿಸುವ ಚೋದಕದ ಪುಡಿಯಲ್ಲಿ ಅದ್ದಿ ತೇವದ ಮರಳಿಗೆ ಊರುತ್ತಾರೆ. ಆಮೇಲಿನದು ನೆರಳು, ತೆಳು ಸಿಂಪರಣೆ ಮತ್ತು ಕಾಯುವಿಕೆ. ಎಳೆದು ನೋಡುವ ಚಪಲವೇ ಎಷ್ಟೋ ಕಡ್ಡಿಗಳನ್ನು ಕೊಂದಿದೆ. ಹೊಸ ಚಿಗುರು ಒಡೆದು ಬಾಡದೆ ನಿಂತರೆ ಬೇರು ಹಿಡಿದಿದೆ ಎನ್ನಬಹುದು.

ಎರಡೂ ದಾರಿಗೆ ಇರುವ ದೊಡ್ಡ ಶತ್ರು ಮಣ್ಣಿನ ಜಂತುಹುಳು. ಕಣ್ಣಿಗೆ ಕಾಣದ ಇದು ಬೇರಿನೊಳಗೆ ಹೊಕ್ಕು ಗಂಟು ಕಟ್ಟಿಸಿ ಗಿಡವನ್ನು ಸೊರಗಿಸುತ್ತದೆ. ನರ್ಸರಿಯಲ್ಲಿ ಸಸಿ ಕೊಳ್ಳುವಾಗ ಒಂದನ್ನಾದರೂ ಚೀಲದಿಂದ ಬಿಡಿಸಿ ಬೇರು ನೋಡಿ. ಗಂಟು ಕಂಡರೆ ಎಷ್ಟೇ ಅಗ್ಗವಾದರೂ ಮನೆಗೆ ತರಬೇಡಿ.